ಬೇಡ ಎಂದು ಬರೆದುಕೊಟ್ಟ ಕಾಗದ

ಸಾವಳಗಿ
ತಾ. ೧೨-೮-೧೯೮೪

ಮಗಳು ಶಂಕ್ರೆವ್ವನಿಗೆ,

ನಿನ್ನ ಅವ್ವನ ಆಶೀರ್ವಾದ. ಮನೆದೇವರು ಬೀರಪ್ಪ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ನಾನು ಆರಾಮ ಇದ್ದೇನೆ, ಮೊಣಕಾಲೊಂದು ಬಿಟ್ಟರೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಈ ಪತ್ರ ನಿನ್ನ ಅತ್ತೆಯ ಕೈಗೆ ಸಿಗಬಾರದು. ಅವರಿಗೆ ಓದಲು ಬರುವುದಿಲ್ಲ ಎಂದು ನೀನೇ ಹೇಳಿದ್ದೆ. ಆದರೂ ಯಾರಿಂದಾದರೂ ಓದಿಸಿದರೆ?

ಅಳಿಯ ಬಾಳು ಅವರಿಗೆ ಬನಹಟ್ಟಿಯ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿತೆಂದು ಓದಿ ಕಣ್ಣು ತುಂಬಿದವು. ಮುಂದಿನದನ್ನು ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಪಗಾರದಲ್ಲಿ ಫಂಡಕ್ಕೂ ಪಿಂಚಣಿಗೂ ಅಂತ ಮುರಿದುಕೊಳ್ಳುತ್ತಾರೆ, ಹೊಸದಾಗಿ ಸೇರಿದವರು ಬೇಡ ಎನ್ನಬಹುದೇ ಎಂದು ಕೇಳಿದ್ದೀ. ಫಾರ್ಮಿನಲ್ಲಿ 'ಸತ್ತ ನಂತರ ಯಾರಿಗೆ' ಎಂಬ ಸಾಲಿದೆ, ಅಲ್ಲಿ ನನ್ನ ಹೆಸರು ಬರೆಯಬೇಡಿರಿ ಎಂದು ಅವರಿಗೆ ಹೇಳಿದ್ದೇನೆ ಎಂದೂ ಬರೆದಿದ್ದೀ.

ಮೂರನೆಯ ದಿನ ಜಮಖಂಡಿ ಬಸ್ಸು ಹತ್ತಿದೆ. ನಿನ್ನ ಅಪ್ಪ ದುಡಿಯುತ್ತಿದ್ದ ಗಿರಣಿಯಲ್ಲಿ ಕಾರಕೂನ ಧರೆಪ್ಪ ಇನ್ನೂ ಇದ್ದಾರೆ. "ಹೊಸಬರಿಗಿ ಬ್ಯಾಡ ಅನ್ನಾಕ ಬರೂದಿಲ್ಲ ಸಿದ್ದಕ್ಕಾ, ಕಾಯ್ದೇನ ಹಂಗೈತಿ. ಪಿಂಚಣಿ ಬ್ಯಾಡ ಅನ್ನೂ ದಾರಿ ಇದ್ದದ್ದು ಎಪ್ಪತ್ತೊಂದರಾಗ, ಅದೂ ಹಳಬರಿಗಿ ಅಷ್ಟ," ಎಂದರು. ಆಮೇಲೆ ನನ್ನ ಮುಖ ನೋಡಿ ಚಹಾ ತರಿಸಿದರು. ನನಗೆ ಕುಡಿಯಲಾಗಲಿಲ್ಲ.

ಇಷ್ಟು ಬರೆದು ಅಂಚೆಗೆ ಹಾಕಿದ್ದರೆ ನಿನ್ನ ಪ್ರಶ್ನೆಗೆ ಉತ್ತರವಾಗುತ್ತಿತ್ತು. ಆದರೆ ಪತ್ರದ ಕೊನೆಗೆ ಒಂದು ಮಾತು ಹಾಕಿದ್ದೀ. ಅಪ್ಪ ಪಿಂಚಣಿ ಬೇಡ ಎಂದದ್ದು ಬೇಫಿಕೀರಿಯಿಂದ, ನಾನು ಬೇಡ ಎನ್ನುವುದು ಗಂಡನ ಜೀವದ ಹೆದರಿಕೆಯಿಂದ, ಅಂತ.

ಆ ಹೆದರಿಕೆ ಮೊದಲು ನನ್ನದಾಗಿತ್ತು, ಮಗಳೇ.

ನಿನಗಾಗ ಆರು ವರ್ಷ. ನಿನ್ನ ಅಪ್ಪ ಆ ಪಿಂಚಣಿಯ ಕಾಗದವನ್ನು ಮನೆಗೇ ತಂದರು. ಗಂಡ ಸತ್ತರೆ ಹೆಂಡತಿಗೆ ತಿಂಗಳಾ ರೊಕ್ಕ, ಅದಕ್ಕೆ ನನ್ನ ಹೆಸರು ಬರೆಸಬೇಕು ಎಂದರು. ಬದುಕಿದ್ದವರ ಸಾವನ್ನು ಕಾಗದಕ್ಕೆ ಹಾಕಿ, ಅದರ ಮಗ್ಗುಲಿಗೆ ನನ್ನ ಹೆಸರೇ? ಅವರು ನಕ್ಕು, "ಏ ಹುಚ್ಚಿ, ಕಾಗದಕ್ಕೇನ ಹಲ್ಲ ಅದಾವ, ಕಡಿಯಾಕ?" ಎಂದರು. ನಾನು ಕೇಳಲಿಲ್ಲ. ದೇವರ ಜಗಲಿಯ ಮೇಲಿದ್ದ ಬೀರಪ್ಪನ ಭಂಡಾರದ ಅರಿಷಿಣ ತಂದು ಅವರ ಅಂಗೈಗೆ ಹಾಕಿ, ಬರೆಸುವುದಿಲ್ಲ ಎಂದು ಆಣೆ ಮಾಡಿಸಿದೆ. ಭಂಡಾರ ಹಿಡಿದು ಆಡಿದ ಮಾತನ್ನು ನಮ್ಮವರು ಮುರಿಯುವುದುಂಟೇ? ಮರುದಿನ ಬೇಡವೆಂದು ಸಹಿ ಹಾಕಿ ಬಂದರು.

ಎರಡು ವರ್ಷಕ್ಕೆ ಕಾಮಣಿ ಬೇನೆಯಾಗಿ, ಕಣ್ಣು ಮೈ ಹಳದಿಯಾಗಿ ತೀರಿಹೋದರು. ಅದೇ ಗಿರಣಿಗೆ ಎಪ್ಪತ್ತೊಂದರ ನಂತರ ಸೇರಿದ್ದ ಪಕ್ಕದ ಮನೆಯ ನಾಮದೇವನೂ ನಾಲ್ಕು ವರ್ಷ ದುಡಿದು ತೀರಿಕೊಂಡ. ಅವನು ಹೊಸಬ, ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನ ಹೆಂಡತಿ ಮರೆವ್ವ ಇಂದಿಗೂ ತಿಂಗಳಾ ಅಂಚೆ ಕಚೇರಿಗೆ ಹೋಗಿ ರೊಕ್ಕ ತರುತ್ತಾಳೆ. ಅವಳ ಮಗಳು ಹತ್ತನೆಯ ಇಯತ್ತೆ ಪಾಸಾದಳು. ನಾನು ನಿನ್ನ ಸಾಲಿ ಬಿಡಿಸಿ, ಪಾಟಿ ಕಸಿದು ಕಸ ತೆಗೆಯಲು ಮಂದಿಯ ಹೊಲಕ್ಕೆ ಕಳಿಸಿದೆ. ಯಾಕವ್ವಾ ಎಂದು ನೀನು ಅತ್ತಾಗ, "ನಿಮ್ಮಪ್ಪನ್ನ ಕೇಳ ಹೋಗ" ಎಂದೆ. ಬಾಯಿಗೆ ಹುಳ ಬೀಳಬೇಕಿತ್ತು ನನಗೆ.

ಹೆಸರು ಬರೆಯದಿದ್ದರೂ ಸಾವು ಬಂತು. ಬಾಳು ಅವರಿಗೆ ನಿನ್ನ ಹೆಸರನ್ನೇ ಬರೆಯಲು ಹೇಳು. ಬರೆಯುವಾಗ ಅಳು ಬಂದರೆ ಅತ್ತುಬಿಡು, ಅವರ ಕೈ ಮಾತ್ರ ಹಿಡಿಯಬೇಡ. ನನ್ನನ್ನು ಬೈದಾದರೂ ಒಂದು ಕಾಗದ ಹಾಕು. ಹಾಕದಿದ್ದರೆ ನನಗೆ ಏನೇನೋ ಅನಿಸುತ್ತದೆ.

ನಿನ್ನ ಅವ್ವ,
ಸಿದ್ದಕ್ಕ

ತಾ.ಕ.: ಇದನ್ನು ಬರೆಯಬಾರದೆಂದೇ ಮಡಚಿದ್ದೆ, ಮತ್ತೆ ಬಿಚ್ಚಿದೆ. ದವಾಖಾನೆಯಲ್ಲಿ ಕೊನೆಯ ದಿನ ಅವರು ನನ್ನನ್ನು ಹತ್ತಿರ ಕರೆದು, "ಮಂದಿ ಕೇಳಿದ್ರ ನಾನ ಬ್ಯಾಡಂದೆ ಅಂತ ಹೇಳ. ಮಗಳು ಕೇಳಿದ್ರೂ ಹಂಗ ಹೇಳ. ಅಕಿ ಇನ್ನ ಮುಂದ ನಿನ್ನ ಕೂಡ ಇರಾಕಿ," ಎಂದಿದ್ದರು. ಹನ್ನೊಂದು ವರ್ಷ ಹಾಗೆಯೇ ಹೇಳಿದೆ.