ತೊಟ್ಟಿಲ ಮೇಲೆ ಬಿದ್ದ ಕೆಂಪು

ಕಂಗ್ಟಿ
೧೨ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಭೂದೇವಿ ವೈನಿಗೆ,

ನಿನ್ನ ನಾದಿನಿ ಲಾವಣ್ಯಳ ನಮಸ್ಕಾರ. ವಾರ ಕಳೆದರೂ ಒಂದು ಸುದ್ದಿ ಕಳಿಸಲಿಲ್ಲ ಎಂದು ಸಿಟ್ಟಾಗಬೇಡ. ನಿನ್ನ ಫೋನ್ ಅಣ್ಣನ ಕಪಾಟಿನಲ್ಲಿದೆ. ನನ್ನ ಫೋನಿನಿಂದ ಕರಣಕೋಟದ ನಿನ್ನ ತವರಿಗೆ ಮಾತಾಡಕೂಡದು ಎಂದಿದ್ದಾನೆ. ಇವತ್ತು ಅವನೇ ಕಾಗದ ಬರಿ ಎಂದು ಹೇಳಿ ಎದುರಿಗೆ ಕೂತಿದ್ದಾನೆ. ತೆಲುಗು ಶಾಲೆಯಲ್ಲಿ ಓದಿದವನಿಗೆ ಕನ್ನಡ ಅಕ್ಷರ ಬಾರದು. ನೀನು ಸೇಡಂನಲ್ಲಿ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಕಲಿತದ್ದು ಎಷ್ಟು ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತಿದೆ.

ಮೊದಲು ಅಂಬುವಿನ ಸುದ್ದಿ. ಅವನಿಗೆ ಜ್ವರಗಿರ ಏನೂ ಇಲ್ಲ. ಮೊದಮೊದಲು ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸಿ ಚೀರುತ್ತಿದ್ದ. ಈಗ ಅವ್ವ ಚಮಚದಲ್ಲಿ ಹಾಲು ಹಾಕುತ್ತಾಳೆ. ಹಗ್ಗದ ಮೇಲಿದ್ದ ನಿನ್ನ ಹಸಿರು ಸೀರೆ ಕಂಡರೆ ಕೈ ಚಾಚುತ್ತಿದ್ದ. ಅವ್ವ ಅದನ್ನು ತೆಗೆದು ಒಳಗಿಟ್ಟಳು.

ಬಸ್ ಹತ್ತುವಾಗ ನೀನು ಅವ್ವನನ್ನು ಕೇಳಿದೆಯಲ್ಲ, "ನಾ ಏನ್ ತಪ್ ಮಾಡ್ದೆ ಹೇಳ್ರಿ ಅತ್ತಿ" ಅಂತ. ಅದರ ಹಿಂದಿನ ಸಂಜೆ ಮಠದಲ್ಲಿ ನೀನು ನೋಡಿದ್ದು ಪರದೆಯನ್ನು, ತೊಟ್ಟಿಲನ್ನು. ನಾನು ಎಂದಿನಂತೆ ಗೋಡೆಗೆ ಒರಗಿ ಜನರ ಮುಖ ನೋಡುತ್ತಿದ್ದೆ. ಅದನ್ನೇ ಬರೆಯುತ್ತೇನೆ.

ಪ್ರತಿ ಶ್ರಾವಣದಲ್ಲಿ ಪುರಾಣ ಹೇಳುವಾಗ ಬಾಲಶರಣ ಹುಟ್ಟುವ ಅಧ್ಯಾಯದ ದಿನ ತೊಟ್ಟಿಲು ಕಟ್ಟಿ, ಊರಿನ ಒಂದು ಕೂಸನ್ನು ಮಲಗಿಸಿ ಜೋಗುಳ ಹಾಡುವುದು ನಮ್ಮ ಪದ್ಧತಿ. ಅರಸನ ಸೈನಿಕರು ಆ ಕೂಸನ್ನು ಕೊಲ್ಲುವ ಅಧ್ಯಾಯ ಬರುವಷ್ಟರಲ್ಲಿ ಹತ್ತು ದಿನ ಕಳೆದು, ತೊಟ್ಟಿಲು ಅಟ್ಟ ಸೇರಿರುತ್ತದೆ. ಈ ಸಲ ಪುರಾಣ ಕೇಳಲು ಜನ ಬರುತ್ತಿಲ್ಲವೆಂದು ನಾರಾಯಣಖೇಡದ ತೊಗರಿ ವ್ಯಾಪಾರಿ ವೀರಪ್ಪನವರು ಪರದೆ ತರಿಸಿ ಅದೇ ಕಥೆಯ ಸಿನಿಮಾ ಹಾಕಿಸಿದರು. ಹುಟ್ಟಿದ ದೃಶ್ಯಕ್ಕೆ ಸಿನಿಮಾ ನಿಲ್ಲಿಸಿ, ದೀಪ ಹಾಕಿ, ಅಂಬುವನ್ನು ಮಲಗಿಸಿದರು. ಕುರಿ ಸಾಕುವವರ ಮನೆಯ ಕೂಸು ಆ ತೊಟ್ಟಿಲು ಕಂಡದ್ದು ಅದೇ ಮೊದಲು. ಅಣ್ಣ ಹೊಸ ಅಂಗಿ ತೊಟ್ಟು ತೊಟ್ಟಿಲಿನ ಹಗ್ಗ ಹಿಡಿದು ನಿಂತದ್ದು ನಿನಗೂ ನೆನಪಿರಬೇಕು. ಮಂಗಳಾರತಿಗೆ ಮುಂಚೆ ತೊಟ್ಟಿಲು ಬಿಚ್ಚುವಂತಿಲ್ಲವಲ್ಲ. ಹಾಗೇ ಪರದೆಯ ಮುಂದೆ ಬಿಟ್ಟು ದೀಪ ಆರಿಸಿದರು. ಹತ್ತು ದಿನದ ಕಥೆ ಸಿನಿಮಾದಲ್ಲಿ ಅರ್ಧ ಗಂಟೆಗೆ ಬರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಸೈನಿಕ ತೊಟ್ಟಿಲಿಗೆ ಕತ್ತಿ ಹಾಕಿದಾಗ ನೀನೊಬ್ಬಳೇ ಅಂಜಿದೆ ಎಂದು ತಿಳಿಯಬೇಡ. ಅಪ್ಪ ಹುಟ್ಟಿದಾಗಿನಿಂದ ಕುರಿಗಳ ನಡುವೆ ಇದ್ದವನು, ಹಬ್ಬಕ್ಕೆ ತಾನೇ ಕೊಯ್ಯುವವನು. ಟವೆಲನ್ನು ಮುಖದ ಮೇಲೆ ಎಳೆದುಕೊಂಡವನು ಕೊನೆಯವರೆಗೂ ತೆಗೆಯಲಿಲ್ಲ. ಮನೆಯೊಳಗೆ ಕೋಳಿಯ ತತ್ತಿಯನ್ನೂ ತರಗೊಡದ ವೀರಪ್ಪನವರು ಮುಂದೆ ಬಾಗಿ ಕೂತಿದ್ದರು. ಅದೇ ಕತ್ತಿಯನ್ನು ನಿಧಾನವಾಗಿ ಮತ್ತೊಮ್ಮೆ ತೋರಿಸಿದಾಗ, "ಏನ್ ತೆಗದಾರ್ರೀ! ಖರೇನ ಅನಸ್ತದ ನೋಡ್ರಿ" ಎಂದು ಪಕ್ಕದವರ ತೊಡೆ ತಟ್ಟಿದರು. ಅವರ ಹೆಂಡತಿ ಸುಗಲಾಬಾಯಿ ಕಣ್ಣು ಮುಚ್ಚಿ ಕೈ ಜೋಡಿಸಿಕೊಂಡು, "ಮುಗೀತೇನ? ಮುಗೀತೇನ?" ಎಂದು ಕೇಳುತ್ತಿದ್ದರು. ಹಿಂದಿದ್ದ ಹುಡುಗರು ಫೋನ್ ಮೇಲೆತ್ತಿ ಸೀಟಿ ಹೊಡೆಯುತ್ತಿದ್ದರು.

ಅಣ್ಣ ಅಳುತ್ತಿದ್ದ. ಅವನು ಹಾಗೆ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಸಿನಿಮಾದ ತಾಯಿ ಅಂಗೈಯಲ್ಲಿ ಲಿಂಗ ಹಿಡಿದು ಹಾಡು ನಿಲ್ಲಿಸದೆ ಮಗನ ಸಾವು ನೋಡುತ್ತಾಳಲ್ಲ, ಆಗ ಎದ್ದು ನಿಂತು, "ಶಿವಾ! ಎಂಥಾ ತಾಯಿರೀ ಅಕಿ! ಕಣ್ಣಾಗ ಒಂದ್ ಹನಿ ಇಲ್ಲ!" ಎಂದು ಬಿಕ್ಕಿದ.

ಪರದೆಯೆಲ್ಲ ಕೆಂಪಾಯಿತು. ಆ ಬೆಳಕು ತೊಟ್ಟಿಲಿನ ಬಿಳಿ ಬಟ್ಟೆಯ ಮೇಲೆ, ಅಂಬುವಿನ ಹಣೆಯ ಮೇಲೆ, ಬಾಯಿಯ ಮೇಲೆ ಬಿತ್ತು. ನೀನು ಆಗ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. "ಅಯ್ಯೋ ನನ್ ಕೂಸು" ಎಂದು ಅವನನ್ನು ಎಳೆದುಕೊಂಡು ಓಡಿದಾಗ ದೀಪದ ಸಮೆ ಉರುಳಿತು, ಎಣ್ಣೆ ಚೆಲ್ಲಿತು. ಎಂ.ಎ. ಪರೀಕ್ಷೆಯಲ್ಲಿ ಬೀಭತ್ಸ ರಸದ ಮೇಲೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಆ ಕ್ಷಣ ನಿನ್ನ ಬೆನ್ನನ್ನೇ ನೋಡುತ್ತಿದ್ದ ಮುಖಗಳ ಬಗ್ಗೆ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನೀನು ಹೋದ ಮೇಲೆ ಸುಗಲಾಬಾಯಿ, "ಕಡೀಕ ಶಿವ ಬಂದು ಕೂಸಿಗಿ ಜೀವ ಕೊಡ್ತಾನ, ಜರಾ ತಡೀಬಾರದಿತ್ತಾ?" ಎಂದರು. ಹಿಂದಿನಿಂದ ಯಾರೋ ಅಣ್ಣನಿಗೆ, "ಕುರಿ ಕೊಯ್ಯೋರ ಮನಿ ಸೊಸಿ ಸಿನಿಮಾದ ರಕ್ತಕ್ಕ ಓಡದಳಲ್ಲೋ ಶಿವರಾಜಾ! ತೊಟ್ಲ ಮತ್ತ ಕೇಳಾಕ ಬರಬ್ಯಾಡ ಇನ್ನ!" ಎಂದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು.

ಮರುದಿನ ನಿನ್ನನ್ನು ಬಸ್ಸಿಗೆ ಹತ್ತಿಸಿದ. ತೊಟ್ಟಿಲಿನ ಕೂಸು ಶ್ರಾವಣ ಮುಗಿಯುವವರೆಗೆ ಊರು ದಾಟಬಾರದು ಎಂದು ಅವ್ವ ಅಂಬುವನ್ನು ನಿನ್ನ ಕೈಯಿಂದ ಬಿಡಿಸಿಕೊಂಡಳು. ಅಪ್ಪ ಅಂದಿನಿಂದ ಕುರಿಹಟ್ಟಿಯಲ್ಲೇ ಉಳಿದಿದ್ದಾನೆ, ಊಟಕ್ಕೂ ಬರುತ್ತಿಲ್ಲ.

ಈಗ ಬರೆಯಲೇಬೇಕಾದ ಮಾತು. ಬರುವ ಸೋಮವಾರ, ಶ್ರಾವಣದ ಕಡೆಯ ಸೋಮವಾರ, ಮಠದಲ್ಲಿ ಅದೇ ಸಿನಿಮಾ ಮತ್ತೆ ಹಾಕುತ್ತಾರೆ. ನೀನು ಬಂದು, ನಿನ್ನ ಕೈಯಾರೆ ಅಂಬುವನ್ನು ತೊಟ್ಟಿಲಲ್ಲಿ ಮಲಗಿಸಿ, ಮುಂದಿನ ಸಾಲಿನಲ್ಲಿ ಕೂತು, ಕಣ್ಣು ತೆರೆದು, ಕೂಗದೆ, ಮಂಗಳಾರತಿಯವರೆಗೆ ನೋಡಬೇಕು. ಆಮೇಲೆ ಕೂಸು ನಿನ್ನದು. ಬಾರದಿದ್ದರೆ ನಿನಗೂ ಕೂಸಿಗೂ ಸಂಬಂಧವಿಲ್ಲ. ಇದು ಮಠದ ಹಿರಿಯರ ಮಾತು.

ಈ ಮಾತನ್ನು ಮಾತ್ರ ಅಣ್ಣ ಎರಡು ಸಲ ಓದಿಸಿ ಕೇಳಿದ.

"ಕಣ್ಣ ತೆರದು ಅಂತ ಬರದಿ?"

"ಬರದೀನಿ ಅಣ್ಣಾ."

"ಬಾಯಾಗ ಸೆರಗ ತುರಕಬಾರದು ಅಂತನೂ ಬರಿ."

ಅದನ್ನೂ ಬರೆದಿದ್ದೇನೆ, ವೈನಿ.

ನಿನ್ನ ಅಪ್ಪ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಎದೆಯಲ್ಲಿ ಹಾಲು ಕಟ್ಟಿಕೊಂಡು ನೋಯುತ್ತಿರಬೇಕು, ತಾಂಡೂರಿಗೆ ಹೋಗಿ ಡಾಕ್ಟರಿಗೆ ತೋರಿಸು. ನಮ್ಮ ದೇವರು ಬೀರಪ್ಪ ನಿನ್ನ ಹೊಟ್ಟೆ ತಣ್ಣಗಿಡಲಿ. ಅಂಬುವಿನ ಪರವಾಗಿ ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ನಾದಿನಿ
ಲಾವಣ್ಯ

ತಾ.ಕ.: ಕಾಗದ ಒಯ್ಯಲು ಬಂದಿರುವ ಹಣಮಯ್ಯ ಮಾಮಾ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾನೆ. ಅಣ್ಣ ಅವನ ಹತ್ತಿರ ಎದ್ದು ಹೋದ. ಬರುವುದಾದರೆ ಮಠದವರಿಗೆ ಹೆದರಿ ಬರಬೇಡ. ಅದು ಅವರ ಮಾತಲ್ಲ. ಶುಕ್ರವಾರ ವೀರಪ್ಪನವರೇ ಮನೆಗೆ ಬಂದು, "ಎಳೀ ಬಾಣಂತಿ, ಅಂಜ್ಯಾಳ. ಒಂದ್ ಕಾಯಿ ಒಡಸ್ರಿ, ಮುಗೀತು. ಅಕಿನ್ನ ಕರಕೊಂಡ್ ಬರ್ರಿ" ಎಂದರು. ಸಿನಿಮಾ ಇನ್ನೊಂದು ಸಲ ಹಾಕಿಸಿರಿ ಎಂದು ಅಣ್ಣನೇ ಅವರ ಕಾಲು ಹಿಡಿದ. ಯಾಕೋ ಶಿವರಾಜಾ ಎಂದು ಅವರು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಕೇಳಿದೆ: "ಅಕಿ ನೋಡ್ಬೇಕ್ರಿ. ಅಕಿ ನೋಡೂದು ನಾ ಎದುರಿಗಿ ಕುಂತು ನೋಡ್ಬೇಕು."