ನಾಲ್ಕು ತಂತಿಯ ಗಿಟಾರು ಕೊಂಡ ವಿಚಾರ

ಭಾನುವಾರ, ಮಾರ್ಚ್ ೧೧
ಮಧ್ಯಾಹ್ನ

ಪ್ರೀತಿಯ ಕಡ್ಡಿ,

ನೀನು ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನಾನೂ ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಇದಕ್ಕೆ ಬೇಸ್ ಗಿಟಾರು ನೀನೇ ನುಡಿಸಪ್ಪ ಅಂತ ಬರೆದು ನೀನು ಕಳಿಸಿದ ಹಾಡು ನನ್ನ ಫೋನಿಗೆ ಬಂದು ಎಷ್ಟು ದಿನವಾಯಿತು, ನಾನು ಒಂದು ಉತ್ತರ ಕೊಡಲಿಲ್ಲ. ನೀನು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಕಾಲೇಜಿನಲ್ಲಿ ನಮಗೆ ಪತ್ರ ಬರೆಯುವುದು ಕಲಿಸುವಾಗ ಇಂಥದ್ದಕ್ಕೇ ಒಂದು ಇಂಗ್ಲಿಷ್ ವಾಕ್ಯ ಹೇಳಿಕೊಟ್ಟಿದ್ದರು. ‘ಡಿಲೇ ಈಸ್ ಡೀಪ್ಲಿ ರಿಗ್ರೆಟೆಡ್ ಅಂಡ್ ಕೈಂಡ್ಲಿ...’ ಅಲ್ಲಿಗೆ ನಿಂತಿದೆ, ಮುಂದಿನದು ಮರೆತಿದೆ. ಕೈಂಡ್ಲಿಯಿಂದ ಆಚೆಯದನ್ನು ನೀನೇ ತುಂಬಿಕೊಂಡು ಓದಮ್ಮ.

ನಿನ್ನೆ ನಿಮ್ಮ ಚಿಕ್ಕಮ್ಮ ಬಂದಿದ್ದಳು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ತರಾಟೆಗೆ ತೆಗೆದುಕೊಂಡಳು.

“ಭಾವ, ಆ ಮಗು ಸತ್ತ ನಮ್ಮಕ್ಕನ ಮೇಲೆ ಹಾಡು ಬರೆದು ಹಾಡಿ ಕಳಿಸಿದೆ. ಚೆನ್ನಾಗಿದೆ, ಚೆನ್ನಾಗಿಲ್ಲ, ಎರಡರಲ್ಲಿ ಒಂದು ಹೇಳೋಕೆ ನಿಮಗೇನು ಬಾಯಿ ನೋವಾ?”

ನೀನು ಅವಳ ಹತ್ತಿರ ಅಳುತ್ತಿದ್ದೆಯಂತೆ. ಅಪ್ಪನಿಗೆ ಹಾಡು ಹಿಡಿಸಲಿಲ್ಲ ಅಂತ ಕಾಣುತ್ತೆ, ಬಲವಂತ ಬೇಡ, ನಾನು ಪಾಠ ಮಾಡೋ ಶಾಲೆಯ ಪಿ.ಟಿ. ಮೇಷ್ಟ್ರು ಬೇಸ್ ಗಿಟಾರ್ ನುಡಿಸುತ್ತಾರೆ, ತಿಂಗಳ ಕೊನೆಗೆ ಅವರ ಕೈಲೇ ಮುಗಿಸಿಬಿಡ್ತೀನಿ ಅಂದೆಯಂತೆ. ಬರೀತೀನಿ ಅಂತ ಚಿಕ್ಕಮ್ಮನಿಗೆ ಮಾತು ಕೊಟ್ಟೆ. ಬರೆಯುತ್ತಿದ್ದೇನೆ. ಪಿ.ಟಿ. ಮೇಷ್ಟ್ರಿಗೆ ಮಾತ್ರ ಈಗಲೇ ಏನೂ ಹೇಳಬೇಡ. ಸೀಟಿ ಊದುವವರು ಸೀಟಿ ಊದಿಕೊಂಡಿರಲಿ.

ಯಾಕೆಂದರೆ ಗಿಟಾರು ಕೊಂಡಾಯಿತು. ನಾನೇ ಹೇಳುವ ತನಕ ನಿನ್ನ ಹತ್ತಿರ ಬಾಯಿ ಬಿಡಬೇಡಿ ಅಂತ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರಿಗೂ ಹೇಳಿದ್ದೆ.

ಇದನ್ನು ಸಂಕ್ಷಿಪ್ತವಾಗಿ ಹೇಳಬೇಕು ಅಂತಲೇ ಕೂತಿದ್ದೇನೆ. ನಮಗೆ ಪ್ರೆಸಿ ರೈಟಿಂಗ್ ಅಂತ ಒಂದು ಪಾಠವಿತ್ತು, ಕೊಟ್ಟಿದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ನಾನು ಬರೆದದ್ದು ಯಾವಾಗಲೂ ಕೊಟ್ಟಿದ್ದಕ್ಕಿಂತ ಉದ್ದವಾಗುತ್ತಿತ್ತು. ಆದ್ದರಿಂದ ತಾಳ್ಮೆ ಇರಲಿ.

ಸಾಧಾರಣದ್ದು ಸಾಕಪ್ಪ, ಮನೆಯಲ್ಲೇ ರೆಕಾರ್ಡ್ ಮಾಡೋಕೆ ತಾನೇ, ದುಡ್ಡು ಸುರಿಯಬೇಡ ಅಂತ ನೀನು ಬರೆದಿದ್ದೆ. ಸರಿ ಅಂತ ನಾನೂ ಚಿಕ್ಕಪ್ಪನೂ ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಹೊರಟೆವು. ನಿಮ್ಮ ಚಿಕ್ಕಪ್ಪನನ್ನು ಯಾಕೆ ಕರೆದುಕೊಂಡು ಹೋದೆ ಅಂತ ಈಗಲೂ ನನಗೆ ತಿಳಿದಿಲ್ಲ. ಷಡ್ಡಕ ಅಂದಮೇಲೆ ಬಿಟ್ಟು ಹೋಗುವ ಹಾಗಿಲ್ಲ. ಅವನಿಗೆ ಮೋಟಾರು ಬಿಟ್ಟರೆ ಬೇರೆ ಲೋಕವೇ ಇಲ್ಲ. ಗಿಟಾರನ್ನೂ ತೂಕ ನೋಡಿ, ತಟ್ಟಿ, ಎಷ್ಟು ವರ್ಷ ಗ್ಯಾರಂಟಿ, ನೀರು ಬಿದ್ದರೆ ಏನಾಗುತ್ತೆ ಅಂತ ಕೇಳುತ್ತಾನೆ.

ಮೊದಲನೆಯದು ದೊಡ್ಡ ಗಾಜಿನ ಅಂಗಡಿ. ಅಲ್ಲಿನ ಸೇಲ್ಸಿನವನು ಐದು ತಂತಿಯದು, ಒಳಗೆ ಬ್ಯಾಟರಿ ಹಾಕುವಂಥದ್ದು ತೆಗೆದು ತೊಡೆಯ ಮೇಲಿಟ್ಟ. ಭಾರಕ್ಕೆ ಕಾಲು ಜೋಮು ಹಿಡಿಯಿತು. ಐದನೇ ತಂತಿ ಯಾಕಪ್ಪ ಅಂದರೆ, ಇನ್ನೂ ಕೆಳಗಿನ ಸ್ವರ ಬೇಕಾದಾಗ ಇರಲಿ ಅಂತ ಸರ್ ಅಂದ. ನನಗೆ ನಾಲ್ಕೇ ನೆನಪಿರುವುದು ಕಷ್ಟ. ಆಮೇಲೆ ಅವನು ಹೊಸಬರಿಗೆ ಅಂತ ಇಟ್ಟಿದ್ದ ಒಂದು ಸೆಟ್ ತೋರಿಸಿದ. ಗಿಟಾರು, ಚೀಲ, ಬೆಲ್ಟು, ಒಂದು ಸಣ್ಣ ಸ್ಪೀಕರ್ ಪೆಟ್ಟಿಗೆ, ಎಲ್ಲ ಸೇರಿ ಒಂದೇ ರೇಟು. ಸ್ಪೀಕರ್ ನನಗೆ ಬೇಡ, ಗಿಟಾರಿನ ವೈರನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ ಮಗಳು ಕಳಿಸಿದ್ದಾಳೆ, ಹೆಡ್‌ಫೋನಲ್ಲಿ ಕೇಳಿಕೊಂಡು ನುಡಿಸಿದರೆ ಆಯಿತು, ಸ್ಪೀಕರ್ ಬಿಟ್ಟು ಬೆಲೆ ಹೇಳು ಅಂದೆ. ಆಗಲ್ಲ ಸರ್, ಸೆಟ್ಟು ಅಂದರೆ ಸೆಟ್ಟೇ ಅಂದ.

ಅಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿದೆ. ತಂತಿಗಳ ಕೆಳಗೆ ಕಪ್ಪು ಪಟ್ಟಿ ಇರುತ್ತದಲ್ಲ, ತಂತಿಯ ನಡುಕವನ್ನು ಕರೆಂಟು ಮಾಡುವುದು, ಪಿಕಪ್ ಅಂತಾರೆ. ಅದರೊಳಗೆ ಇರುವುದು ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಅಂದರೆ ನಮ್ಮದೇ ಕಸುಬು. ಎಷ್ಟು ಸುತ್ತು ಇದೆ ಅಂತ ಕೇಳಿದೆ. ಎರಡು ಕಲರ್ ಇದೆ ಸರ್ ಅಂದ. ಸುಮ್ಮನೆ ನೋಡೋಣ ಅಂತ ಜೇಬಿನ ಟೆಸ್ಟರಿನಿಂದ ಎರಡು ಸ್ಕ್ರೂ ಸಡಿಲಿಸಿದ್ದೇನೆ ಅಷ್ಟೇ, ಮೇನೇಜರು ಓಡಿಬಂದರು. ನಿಮ್ಮ ಚಿಕ್ಕಪ್ಪ ಕಾಪಾಡುವುದು ಬಿಟ್ಟು, “ಬೇಜಾರಾಗಬೇಡಿ ಸ್ವಾಮಿ, ಅಣ್ಣ ಇದನ್ನ ಸುಟ್ಟ ಪಂಪು ಅಂದ್ಕೊಂಡಿದ್ದಾರೆ” ಅಂದ. ಸ್ಕ್ರೂ ವಾಪಸು ಬಿಗಿದು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆವು. ಬಸ್ ಸ್ಟಾಪಿನವರೆಗೆ ಅವನು ನಗುತ್ತಲೇ ಇದ್ದ.

ಕೊನೆಗೆ ಸಿಕ್ಕಿದ್ದು ಒಂದು ಹಳೇ ಸಾಮಾನಿನ ಅಂಗಡಿ. ಮೇಲೆ ಟೈಲರ್ ಶಾಪು, ಕೆಳಗೆ ನೆಲಮಾಳಿಗೆ. ಒಳಗೆ ಹೋದರೆ ಅಂಟಿನ ವಾಸನೆ, ಗೋಡೆ ತುಂಬ ಕುತ್ತಿಗೆ ಮುರಿದ ಗಿಟಾರುಗಳು, ಒಂದು ಬಲ್ಬು. ಅಂಗಡಿಯವನಿಗೆ ನನ್ನಷ್ಟೇ ವಯಸ್ಸು, ತಲೆಯ ಹಿಂದೆ ಬಿಳಿ ಜುಟ್ಟು, ಒಳ್ಳೇ ದಪ್ಪ ದನಿ. ಏನು ಬೇಕು ಅಂತ ಅವನು ಕೇಳಲಿಲ್ಲ. ಯಾವ ಹಾಡಿಗೆ ಅಂತ ಕೇಳಿದ. ಫೋನು ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತವನು ಕೊನೆಯ ತನಕ ಕದಲಲಿಲ್ಲ. ಆಮೇಲೆ ಹೆಡ್‌ಫೋನ್ ತೆಗೆದು, ನನ್ನ ಕೈ ಹಿಡಿದುಕೊಂಡು, “ಮಗಳಾ?” ಅಂದ. ಹೂಂ ಅಂದೆ. “ಇದಕ್ಕೆ ಬೆರಳು ಜಾಸ್ತಿ ಓಡಬಾರದು ಯಜಮಾನ್ರೇ. ಆ ಹುಡುಗಿ ಹೇಳ್ತಿರೋದಕ್ಕೆ ಅಡ್ಡ ಬರಬಾರದು, ಅಷ್ಟೆ.” ಆಗಲಿ ಅಂದೆ.

ಅವನು ಕೊಟ್ಟದ್ದು ಸೆಕೆಂಡ್ ಹ್ಯಾಂಡು. ನಾಲ್ಕೇ ತಂತಿ, ಬ್ಯಾಟರಿ ಇಲ್ಲ, ಕುತ್ತಿಗೆ ಗಿಡ್ಡ. ಗಿಡ್ಡ ಕುತ್ತಿಗೆ ಮಕ್ಕಳಿಗೆ ಅಂತ ಗಾಜಿನ ಅಂಗಡಿಯವನು ಹೇಳಿದ್ದ. ಜುಟ್ಟಿನವನು ಹಾಗೇನಿಲ್ಲ ಅಂದ, ಬೆರಳೊತ್ತುವ ಮನೆಗಳು ಹತ್ತಿರ ಹತ್ತಿರ ಇದ್ದರೆ ಬೆರಳು ಚಾಚುವುದು ಕಡಿಮೆ. ತಂತಿ ಸುತ್ತಿ ಸುತ್ತಿ ನನ್ನ ಉಂಗುರದ ಬೆರಳು ಸೆಟೆದಿರುವುದನ್ನು ಅವನು ನೋಡಿಬಿಟ್ಟಿದ್ದ. ನಾನು ಸುತ್ತಿನ ಲೆಕ್ಕ ತೆಗೆದೆ, ಸುತ್ತು ಹೆಚ್ಚಿದ್ದರೆ ಒಳ್ಳೆಯದಲ್ಲವಾ ಅಂದೆ. ಜೋರಾಗುತ್ತೆ, ಆದರೆ ಸ್ವರ ಕೆಸರಾಗುತ್ತೆ ಅಂದ. ಮೋಟಾರಿನ ಬುದ್ಧಿ ಇಲ್ಲಿ ನಡೆಯಲಿಲ್ಲ. ಗಿಟಾರಿನ ಕುತ್ತಿಗೆಯನ್ನು ಕಣ್ಣಿಗೆ ನೇರ ಹಿಡಿದು ಡೊಂಕಿದೆಯಾ ನೋಡುವುದು ಹೇಗೆ, ಪ್ರತಿ ಮನೆಯಲ್ಲೂ ಒತ್ತಿ ತಂತಿ ಕಟಕಟ ಅನ್ನುತ್ತದಾ ಪರೀಕ್ಷೆ ಮಾಡುವುದು ಹೇಗೆ, ಎಲ್ಲ ತೋರಿಸಿಕೊಟ್ಟ. ನುಣುಪಾದ ತಂತಿ ಹಾಕಿಕೊಟ್ಟ. ಬೆರಳು ಜಾರಿದರೆ ಕಿರ್ ಅನ್ನುವುದಿಲ್ಲವಂತೆ, ರೆಕಾರ್ಡಿಂಗಿಗೆ ಅದೇ ಸರಿಯಂತೆ. ನಾನು ಕೊಂಡದ್ದು ಮಾತ್ರ ಬೇರೆ ಕಾರಣಕ್ಕೆ. ಅದನ್ನು ಎದೆಗೆ ಒರಗಿಸಿಕೊಂಡು ದಪ್ಪ ತಂತಿ ಮೀಟಿದರೆ ಸ್ವರ ಪಕ್ಕೆಲುಬಿನಲ್ಲಿ ಕೂತು ನಿಧಾನವಾಗಿ ಇಳಿಯುತ್ತದೆ. ಗಾಜಿನ ಅಂಗಡಿಯ ಯಾವುದರಲ್ಲೂ ಹಾಗಾಗಲಿಲ್ಲ. ಬೆಲೆ ಎಷ್ಟು ಅಂತ ಕೇಳಬೇಡ, ನೀನು ಹೇಳಿದ ಮಿತಿಯೊಳಗೇ ಇದೆ. ಉಳಿದದ್ದರಲ್ಲಿ ಚಿಕ್ಕಪ್ಪನಿಗೆ ಊಟ ಕೊಡಿಸಿದೆ.

ಮನೆಗೆ ತಂದ ಮೇಲೆ ಇನ್ನೊಂದು ರಾಮಾಯಣ. ಕಂಪ್ಯೂಟರಿಗೆ ಸಿಕ್ಕಿಸಿದರೆ ಗುಂಯ್ ಅಂತ ಒಂದು ಸದ್ದು. ಅದು ನನಗೆ ಚೆನ್ನಾಗಿ ಗೊತ್ತಿರುವ ಸದ್ದು, ನಲವತ್ತು ವರ್ಷ ಅದರ ಜೊತೆಗೇ ಇದ್ದೇನೆ. ಅಡುಗೆಮನೆಯ ಫ್ರಿಜ್ಜಿನದು ಅಂತ ಅದರ ಪ್ಲಗ್ಗು ಕಿತ್ತು ಅಭ್ಯಾಸಕ್ಕೆ ಕೂತೆ, ಮತ್ತೆ ಹಾಕುವುದು ಮರೆತೆ. ಮಾರನೇ ದಿನ ಹಾಲು ಒಡೆದು, ಪಲ್ಯ ಹಳಸಿ, ಚಿಕ್ಕಮ್ಮ ಬಂದು ಮೂಗು ಮುಚ್ಚಿಕೊಂಡು, “ಈ ಮನೇಲಿ ಗಂಡಸು ಒಬ್ಬನೇ ಇರೋದು ಅಂತ ಬೀದಿ ತುದಿಗೇ ಗೊತ್ತಾಗುತ್ತೆ” ಅಂದಳು. ಆಮೇಲೆ ಗಿಟಾರಿನ ಹಿಂಬದಿ ಬಿಚ್ಚಿ ಒಳಗೆಲ್ಲ ತಾಮ್ರದ ತಗಡು ಅಂಟಿಸಿ ಅರ್ತ್ ಕೊಟ್ಟೆ. ಗುಂಯ್ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ನಾನು ಕಿಟಕಿ ಕಡೆ ತಿರುಗಿ ಕೂರುತ್ತೇನೆ, ಆಗ ಅದೂ ಇಲ್ಲ. ಯಾಕೆ ಅಂತ ಇನ್ನೊಮ್ಮೆ ಬರೆಯುತ್ತೇನೆ, ಅಯಸ್ಕಾಂತದ ವಿಷಯ, ನಿನಗೆ ಬೇಜಾರಾಗುತ್ತೆ.

ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ನುಡಿಸುತ್ತೇನೆ. ಬೆರಳ ತುದಿ ಬೊಬ್ಬೆ ಎದ್ದು ಒಡೆದು ಈಗ ಗಟ್ಟಿಯಾಗಿದೆ. ನಿನ್ನ ಡ್ರಮ್ಮಿಗೆ ಸರಿಯಾಗಿ ಕೂತುಕೊಳ್ಳುತ್ತಿದೆ, ಮೊದಲಿನ ಹಾಗೆ ಓಡುತ್ತಿಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ನುಡಿಸಿದ ದಿನ ನಿಮ್ಮಮ್ಮ ಸಭೆಯಲ್ಲಿ ಮೂರನೇ ಸಾಲಿನಲ್ಲಿದ್ದಳಂತೆ. ಮದುವೆ ಮಾತುಕತೆಯಲ್ಲಿ ನಾನು ಜಂಬದಿಂದ ಆ ದಿನದ ವಿಷಯ ಎತ್ತಿದರೆ, ಡ್ರಮ್ಮಿನವನು ಚೆನ್ನಾಗಿ ಬಾರಿಸಿದ, ಹಾಡಿದವಳ ಸೀರೆ ಚೆನ್ನಾಗಿತ್ತು, ನೀವೂ ಇದ್ರಾ ಅಲ್ಲಿ ಅಂತ ಕೇಳಿದಳು. ಬೇಸ್ ನುಡಿಸುವವನ ಹಣೆಬರಹ ಅದು. ಇದ್ದಾಗ ಯಾರಿಗೂ ಗೊತ್ತಾಗಬಾರದು.

ಇನ್ನು ಹಾಡಿನ ವಿಚಾರ. ಹಾಡು ಚೆನ್ನಾಗಿದೆ. ಚಿಕ್ಕಮ್ಮ ಅದನ್ನು ಕೇಳಿ ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ಅತ್ತಳು. ಅಕ್ಕ ಎದುರಿಗೇ ನಿಂತ ಹಾಗಾಯಿತು ಅಂದಳು. ಚಿಕ್ಕಪ್ಪ ಆ ದಿನ ಮಧ್ಯಾಹ್ನ ಒಂದು ಫ್ಯಾನೂ ಕಟ್ಟಲಿಲ್ಲ, ಸುಮ್ಮನೆ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದ. ಜುಟ್ಟಿನವನ ವಿಷಯ ಆಗಲೇ ಬರೆದೆ. ಇಷ್ಟು ಜನ ಹೇಳಿದ ಮೇಲೆ ನಾನು ಬೇರೆ ಏನು ಹೇಳಲಿ ಅಂತ ಸುಮ್ಮನಿದ್ದೆ. ಅದನ್ನು ನೀನು ಕೋಪ ಅಂತ ತಿಳಿಯಬೇಡ. ಹಿಡಿಸಲಿಲ್ಲ ಅಂತಂತೂ ತಿಳಿಯಲೇಬೇಡ.

ಹೊತ್ತು ಹೊತ್ತಿಗೆ ತಿನ್ನು. ಶಾಲೆಯ ಮಕ್ಕಳ ನೆಗಡಿಯನ್ನೆಲ್ಲ ನೀನು ಹಚ್ಚಿಕೊಳ್ಳಬೇಡ. ಬೀರುವಿನ ಬಟ್ಟೆ ನಡುವೆ ತಲೆ ಇಟ್ಟು ಹಾಡು ರೆಕಾರ್ಡ್ ಮಾಡುತ್ತೀಯಂತೆ, ಸ್ವಲ್ಪ ಗಾಳಿಯೂ ಆಡಲಿ. ನಿನ್ನ ಗಂಟಲು, ನಿನ್ನ ನಿದ್ದೆ, ನಿನ್ನ ನಗು, ಮೂರೂ ನೆಟ್ಟಗಿರಲಿ. ನನ್ನ ಹತ್ತಿರ ಇರುವ ಆಯಸ್ಸಿನಲ್ಲಿ ನಿನಗೆ ಎಷ್ಟು ಬೇಕೋ ತೆಗೆದುಕೋ.

ಇಂತಿ ನಿನ್ನ
ಅಪ್ಪ

ತಾ.ಕ.: ಕವರಿಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ, ಹರಿದ ಹಾಗೆ ಕಂಡರೆ ಅದಕ್ಕೆ.

ಹಾಡಿನಲ್ಲಿ ನೀನು ಏನು ಹೇಳಿದ್ದೀಯ ಅಂತ ನನಗೆ ಗೊತ್ತಿಲ್ಲ ಕಣೇ. ಡ್ರಮ್ಮು ಬರುತ್ತದೆ, ದಪ್ಪ ಸದ್ದೆಲ್ಲ ಬರುತ್ತದೆ. ನೀನು ಜೋರಾಗಿ ಹಾಡುವ ಕಡೆ ಗೋಡೆಯಾಚೆ ಯಾರೋ ಇದ್ದ ಹಾಗೆ ಆಗುತ್ತದೆ. ಮೆಲ್ಲಗೆ ಹಾಡುವ ಕಡೆ ಅದೂ ಇಲ್ಲ. ಸಣ್ಣ ದನಿಗಳು ಮೊದಲು ಹೋಗುತ್ತವಂತೆ, ಗ್ರೈಂಡಿಂಗ್ ಮೆಷಿನ್ನಿನ ಪಕ್ಕ ಕೂತವರಿಗೆ ಇದು ಇದ್ದದ್ದೇ ಅಂತ ಕಿವಿ ಡಾಕ್ಟರು ಹೇಳಿದರು. ಯಂತ್ರ ಹಾಕುತ್ತಾರೆ, ಹಾಕಿಸಿಕೊಳ್ಳುತ್ತೇನೆ. ಒಮ್ಮೆ ಹಾಕಿ ನೋಡಿದೆ, ನಿನ್ನ ಹಾಡು ತಗಡು ತಟ್ಟಿದ ಹಾಗೆ ಬಂತು, ಮಾತು ಬರಲಿಲ್ಲ. ರೂಢಿಯಾಗಲು ತಿಂಗಳುಗಳು ಬೇಕಂತೆ.

ನಿಮ್ಮಮ್ಮನಿಗೆ ಗೊತ್ತಿತ್ತು. ಅದಕ್ಕೇ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳು ನನ್ನ ಕಡೆ ತಿರುಗಿ ಬೈಯುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು. ಅಮ್ಮ ಯಾಕೆ ಎಲ್ಲದನ್ನೂ ಎರಡು ಸಲ ಹೇಳ್ತಾಳೆ ಅಂತ ನೀನು ನಗುತ್ತಿದ್ದೆ. ಅವಳು ಹೋದ ಮೇಲೆ ನಿನ್ನ ಫೋನು ನನಗೆ ಕೇಳಿಲ್ಲ. ಹೂಂ ಅನ್ನುವ ಜಾಗ ಊಹಿಸಿ ಹೂಂ ಅಂದಿದ್ದೇನೆ. ಕಿವಿ ಇಲ್ಲದವನ ಕೈಯಲ್ಲಿ ಯಾರು ನುಡಿಸಿಕೊಳ್ಳುತ್ತಾರೆ ಅಂತ ನಿನಗೆ ಹೇಳಲಿಲ್ಲ.

ನಿಮ್ಮಮ್ಮನ ಬಗ್ಗೆ ಏನು ಬರೆದಿದ್ದೀಯ ಅಂತ ಹಾಡು ಕೇಳಿದವರಿಗೆಲ್ಲ ಗೊತ್ತಿದೆ. ಚಿಕ್ಕಮ್ಮನನ್ನು ಕೇಳಿದರೆ ಹೇಳುತ್ತಾಳೆ, ಅವಳ ಬಾಯಲ್ಲಿ ಬೇಡ. ನೀನೇ ಕಾಗದದ ಮೇಲೆ ಬರೆದು ಕಳಿಸು, ದಪ್ಪ ಅಕ್ಷರದಲ್ಲಿ.

ಹಾಡಿನ ಮಧ್ಯೆ ಒಂದು ಕಡೆ ಡ್ರಮ್ಮು ನಿಂತುಬಿಡುತ್ತದೆ. ಸುಮಾರು ಹೊತ್ತು ಏನೂ ಇಲ್ಲ. ಅಲ್ಲಿ ನೀನು ಮೆಲ್ಲಗೆ ಹಾಡುತ್ತಿದ್ದೀಯೋ, ಇಲ್ಲ ನೀನೂ ಸುಮ್ಮನಾಗಿದ್ದೀಯೋ? ಹಾಡುತ್ತಿದ್ದರೆ ನಾನು ಒಂದೇ ಸ್ವರ ಹಿಡಿದು ಜೊತೆಗಿರುತ್ತೇನೆ. ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ. ಯಾವುದು ಅಂತ ಬರೆ.