ನಡುವಿಗೆ ಬಂದ ತೂತು

ಅಕ್ಕಾ,

ಕ್ಷೇಮವೇ ಎಂದು ಕೇಳುವಷ್ಟು ವ್ಯವಧಾನ ನನಗೀಗ ಇಲ್ಲ. ಮೊದಲು ಇದಕ್ಕೆ ಉತ್ತರ ಹೇಳು: ಆ ತಗಡು ನಿನ್ನ ಗಾಡಿಯೊಳಗೆ ಹೇಗೆ ಬಂತು?

ಯಾವ ತಗಡು ಎಂದು ಕೇಳಬೇಡ. ಏನೂ ಅರಿಯದವಳ ಹಾಗೆ ಹುಬ್ಬೇರಿಸಲೂ ಬೇಡ. ನಿನ್ನ ಬೆನ್ನ ಹಿಂದೆಯೇ ಬೆಳೆದವನು ನಾನು, ನಿನ್ನ ಹುಬ್ಬುಗಳ ಪರಿಚಯ ಚೆನ್ನಾಗಿದೆ. ಇವತ್ತು ಮಧ್ಯಾಹ್ನ ಅದನ್ನು ಕಂಡಾಗ ನಾನು ಕೂಗಿಕೊಂಡ ರೀತಿಗೆ ನನ್ನ ಹೆಂಡತಿ ಪೊರಕೆ ಸಮೇತ ಓಡಿ ಬಂದು "ಯಾರಿಗೇನಾಯ್ತು?" ಎಂದಳು. ನನ್ನ ಕೈ ಫ್ಯಾನಿಗೆ ಸಿಕ್ಕಿರಬೇಕು ಅಂದುಕೊಂಡಳಂತೆ. ತಗಡನ್ನು ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟಕ್ಕಾ?" ಎಂದು ವಾಪಸ್ ಹೋದಳು. ಹೌದು, ಇಷ್ಟಕ್ಕೇ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ಚೂರು ತಗಡು ಹಿಡಿದು ಟೈರಿನ ಮೇಲೆ ಕುಕ್ಕರಿಸಿಬಿಟ್ಟೆ.

ಭಾವ ನಿನ್ನೆ ಬಂದಿದ್ದರು. ಗುಟ್ಟಾಗಿ. ನೀನು ಗುಡ್ಡದ ಮೇಲಿನ ಟವರುಗಳ ಜನರೇಟರ್ ರಿಪೇರಿಗೆ ಹತ್ತಿಸಿಕೊಂಡು ಹೋಗುವ ಆ ಹಳೆಯ ಡೀಸೆಲ್ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. "ನಿಮ್ಮಕ್ಕನಿಗೆ ಗೊತ್ತಾಗ್ಬಾರ್ದು, ಆಯ್ತಾ?" ಎನ್ನುತ್ತ, ನೀನೆಲ್ಲೋ ಗೋಡೆಯ ಹಿಂದೆ ನಿಂತಿದ್ದೀಯೇನೋ ಎಂಬಂತೆ ಸುತ್ತ ನೋಡಿದರು. "ಅವಳಿಗೆ ಬಲಭುಜ ಹಿಡ್ಕೊಂಡ್ಬಿಟ್ಟಿದೆ. ಬಾಚಣಿಗೆ ಎತ್ತೋಕೂ ಆಗ್ತಿಲ್ಲ, ಇನ್ನು ಪಾನಾ ಎಲ್ಲಿ ಹಿಡೀತಾಳೆ? ಇದನ್ನ ಪೇಟೆಯೊಳಗೆ ತರೋಕೆ ಯಾವತ್ತೂ ಬಿಟ್ಟವಳಲ್ಲ. ಗುಡ್ಡದ ಬುಡದ ಶೆಡ್ಡಲ್ಲೇ ನಿಲ್ಲಿಸ್ತಾಳೆ, ಯಾಕೋ ಏನೋ" ಎಂದರು. ನಿನ್ನ ಭುಜದ ಸುದ್ದಿ ನನಗೆ ಹೊಸದು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಅವರು, "ನೀರು ಕಮ್ಮಿ ಆಗ್ತಿದೆ, ಹೊರಗೆಲ್ಲೂ ಸೋರ್ತಿಲ್ಲ, ಇಜಿಆರ್ ಕೂಲರ್ ಬಿಚ್ಚಿ ನೋಡು" ಎಂದು ಒಂದೇ ಉಸಿರಿನಲ್ಲಿ ಹೇಳಿ, ನಾಳೆ ಸಂಜೆ ಬರುತ್ತೇನೆಂದು ಹೊರಟೇಬಿಟ್ಟರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಟೈಲರ್ ಸಾಹೇಬರು ಮಿಷನ್ನಿನಿಂದ ಎದ್ದವರು ಹಾಗೇ ಬಂದಿದ್ದರು.

ಇವತ್ತು ಬೆಳಿಗ್ಗೆ ಬಾನೆಟ್ ಎತ್ತಿದೆ. ನಿನ್ನ ಗಾಡಿಯ ಮುಂದೆ ನಿಲ್ಲುವುದಕ್ಕೇ ಒಂದು ಥರ ಹೆದರಿಕೆ. ಪ್ರತಿ ಕ್ಲಿಪ್ಪೂ ತನ್ನ ಜಾಗದಲ್ಲಿ, ಪ್ರತಿ ಪೈಪೂ ಒರೆಸಿಟ್ಟ ಹಾಗೆ. ನಿನ್ನ ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ಬೆಂಚಿನ ಮೇಲೆ ಕೂರಿಸಿ ನೀನು ಮಾಡುತ್ತಿದ್ದ ಪಾಠ ಕಿವಿಯಲ್ಲಿ ಶುರುವಾಯಿತು. "ಡೀಸೆಲ್ ಇಂಜಿನ್ ತಾನು ಬಿಟ್ಟ ಹೊಗೇಲಿ ಒಂದು ಪಾಲನ್ನ ಮತ್ತೆ ತಾನೇ ಎಳ್ಕೊಳ್ಳುತ್ತೆ ಕಣೋ, ಅದಕ್ಕೇ ಇಜಿಆರ್ ಅನ್ನೋದು. ಆ ಪಾಲನ್ನ ತಣ್ಣಗೆ ಮಾಡೋದು ಈ ಕೂಲರ್. ಇದರಿಂದ ಒಳಗಿನ ಬೆಂಕಿ ಅತಿಯಾಗಲ್ಲ, ವಿಷಗಾಳಿ ಕಮ್ಮಿಯಾಗುತ್ತೆ. ಕಾಯಿಲೆ ಅಂದ್ರೆ ಮಸಿ. ಕೊಳವೆಯೆಲ್ಲ ಮಸಿ ಕಟ್ಟುತ್ತೆ, ಗಾಡಿ ಏದುಸಿರು ಬಿಡುತ್ತೆ. ಅದಕ್ಕೇ ಕೆಲವರು ಮಧ್ಯೆ ತಗಡು ಇಟ್ಟು ದಾರಿ ಮುಚ್ತಾರೆ. ಪೂರ್ತಿ ಮುಚ್ಚಿದ್ರೆ ಡ್ಯಾಶ್‌ಬೋರ್ಡಲ್ಲಿ ದೀಪ ಹತ್ತುತ್ತೆ ಅಂತ ತಗಡಿಗೆ ಒಂದು ತೂತು ಬೇರೆ. ಕಳ್ಳ ಬುದ್ಧಿ!"

ಕಳ್ಳ ಬುದ್ಧಿ. ನಿನ್ನದೇ ಮಾತು.

ಕೂಲರಿನ ಒಳಗೆ ಬಿರುಕು ಬಿಟ್ಟಿದ್ದು ನಿಜ. ನೀರು ಅಲ್ಲಿಂದಲೇ ಇಂಜಿನ್ನಿನ ಪಾಲಾಗುತ್ತಿತ್ತು. ಬೇರೆ ಕೂಲರ್ ತರಿಸಿದ್ದೇನೆ, ಅದೇನು ದೊಡ್ಡ ಮಾತಲ್ಲ. ಕೊಳವೆ ಬಿಚ್ಚಲು ಎರಡು ಬೋಲ್ಟು ತೆಗೆದೆ. ಗ್ಯಾಸ್ಕೆಟ್ ಕೈಗೆ ಬಂತು. ಅದರ ಹಿಂದೆ ಇನ್ನೊಂದು ಗ್ಯಾಸ್ಕೆಟ್. ಎರಡು ಯಾಕೆ ಎಂದುಕೊಳ್ಳುವಷ್ಟರಲ್ಲಿ ಅವೆರಡರ ನಡುವಿನಿಂದ ತಗಡು ಜಾರಿ ನನ್ನ ಚಪ್ಪಲಿಯ ಮೇಲೆ ಬಿತ್ತು.

ಮೊದಲು ಬಂದದ್ದು ಸಿಟ್ಟು. ಯಾವನೋ ಅರೆಬರೆ ಮೆಕ್ಯಾನಿಕ್ಕು ನಮ್ಮಕ್ಕನ ಕಣ್ಣಿಗೆ ಮಣ್ಣೆರಚಿದ್ದಾನೆ ಎಂದುಕೊಂಡೆ. ಆಮೇಲೆ ನೆನಪಾಯಿತು, ನಿನ್ನ ಗಾಡಿಯ ಬಾನೆಟ್ಟನ್ನು ಬೇರೆಯವರು ಎತ್ತುವುದಿರಲಿ, ಅದರ ಮೇಲೆ ಒರಗಿ ನಿಂತರೂ ನೀನು ಬಿಡುವವಳಲ್ಲ. ಅಂದರೆ ನೀನೇ. ಆಗಲೇ ಟೈರಿನ ಮೇಲೆ ಕುಕ್ಕರಿಸಿದ್ದು ನೋಡು. ನನ್ನ ಶೆಡ್ಡಿನ ಬಾಗಿಲಿಗೆ ಒಂದು ಬೋರ್ಡಿದೆ, ನೀನು ನೋಡಿಲ್ಲ: "ಇಲ್ಲಿ ಇಜಿಆರ್ ಮುಚ್ಚಿಕೊಡುವುದಿಲ್ಲ. ಒತ್ತಾಯ ಮಾಡಬೇಡಿ." ಬರೆಸಿದವನು ನಾನು, ಆದರೆ ಅಕ್ಷರ ಅಕ್ಷರವೂ ನಿನ್ನ ಬಾಯಿಯದು. ಎಷ್ಟು ಗಿರಾಕಿಗಳು ಅದನ್ನೋದಿ ನಕ್ಕು ಪಕ್ಕದ ರಸ್ತೆಯವನ ಹತ್ತಿರ ಹೋದರು ಗೊತ್ತೇ? ಹೋಗಲಿ ಬಿಡು ಅಂದೆ. ನಿನ್ನ ಮೇಲಿನ ಕೋಪವನ್ನು ಉಳಿಸಿಕೊಂಡೆ, ನಿನ್ನ ಮಾತನ್ನೂ ಉಳಿಸಿಕೊಂಡೆ. ಎರಡನ್ನೂ ಒಟ್ಟಿಗೆ ಸಾಕುವುದು ಸುಲಭವಲ್ಲ. ನೀನು ನೋಡಿದರೆ, ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ! ನನಗೊಂದು ನ್ಯಾಯ, ನಿನಗೊಂದು ನ್ಯಾಯವೇ?

ಹೀಗೆಲ್ಲ ಬೈದುಕೊಳ್ಳುತ್ತ ತಗಡನ್ನು ಡೀಸೆಲ್ಲಿನಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿದೆ. ಎಷ್ಟು ದಪ್ಪ, ಎಂಥ ಕೆಲಸ ಎಂದು ನೋಡೋಣವೆಂದು. ಮಸಿ ಬಿಟ್ಟಿತು. ಒಂದು ಮೂಲೆಯಲ್ಲಿ ಬೋಲ್ಟಿನ ತೂತು ಕಂಡಿತು. ಒಂದಲ್ಲ, ಎರಡು. ಅಳತೆ ತಪ್ಪಿ ಒಂದು, ತಪ್ಪು ತಿದ್ದಲು ಇನ್ನೊಂದು. ಅವಳಿ ಬಾಳೆಹಣ್ಣಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಅಕ್ಕಾ, ಅದು ನಾನು ಕೊರೆದದ್ದು. ಅದು ನನ್ನ ತಗಡು.

ಹಳೆಯ ಅಡುಗೆಮನೆಯ ಸಿಂಕ್ ಕತ್ತರಿಸಿ ನಾನು ಮಾಡಿದ್ದ ತಗಡು. ಕಲ್ಲುಕ್ವಾರಿಯ ಮೇಸ್ತ್ರಿಯ ಗಾಡಿಗೆ, ನೀನು ಸಾಮಾನು ತರಲು ಹೋಗಿದ್ದಾಗ, ನಿನಗೆ ಹೇಳದೆ ಹಾಕಿದ್ದೆ. ಆತ ವಾರ ಬಿಟ್ಟು ಬಂದು, "ನಿಮ್ಮ ತಮ್ಮನ ಕೈಗೆ ಬಂಗಾರದ ಬಳೆ ಹಾಕ್ಬೇಕು, ಗಾಡಿ ಈಗ ಏರೀಲಿ ಚಿರತೆ ಥರ ಹೋಗುತ್ತೆ" ಎಂದು ನಿನ್ನೆದುರು ಹೊಗಳಿ ನನ್ನನ್ನು ಸಿಕ್ಕಿಹಾಕಿಸಿದ. ನೀನು ಆತನನ್ನು ಕೂರಿಸಿ, ಚಹಾ ತರಿಸಿಕೊಟ್ಟು, ನಿನ್ನ ಕೈಯಾರೆ ಎರಡು ಬೋಲ್ಟು ಬಿಚ್ಚಿ ತಗಡು ಹೊರತೆಗೆದೆ. ಅಂಗಳದಲ್ಲಿ ಗಿರಾಕಿಗಳು, ಲಾರಿ ಡ್ರೈವರುಗಳು, ಎಲ್ಲರೂ ಇದ್ದರು. ಅದನ್ನು ಬೆಳಕಿಗೆ ಹಿಡಿದು ಹೇಳಿದೆ: "ತೂತು ನೋಡಿ. ಇವನ ಹಾಗೇ ಓರೆ." ಎಲ್ಲರೂ ನಕ್ಕರು. ಪಂಚ್ ಹೊಡೆದು ಗುರುತು ಮಾಡದೆ ಡ್ರಿಲ್ ಇಡುವವನು ನಾನು, ನನ್ನ ತೂತುಗಳು ಯಾವಾಗಲೂ ಎಡಕ್ಕೆ ಜಾರುತ್ತಿದ್ದವು, ಅದಕ್ಕೇ ಮನೆಯಲ್ಲೂ ನೀನು ನನ್ನನ್ನು ಓರೆ ಎಂದೇ ಕರೆಯುತ್ತಿದ್ದೆ. ಆದರೆ ಮನೆಯ ಹೆಸರು ಮನೆಯಲ್ಲಿರಬೇಕು. ಅಂಗಳಕ್ಕೆ ಬಂದರೆ ಚುಚ್ಚುತ್ತದೆ.

ಆಮೇಲೆ ನೀನು ನಗು ನಿಲ್ಲಿಸಿ ಹೇಳಿದ್ದು ಇವತ್ತಿಗೂ ಬಾಯಿಪಾಠ. "ಆ ಗಾಡಿ ಹೋಗೋದು ಹಳ್ಳದಂಥ ಕ್ವಾರಿಯೊಳಕ್ಕೆ. ಅದರ ಹಿಂದೆ ಜನ ಕಲ್ಲು ಹೊರ್ತಾರೆ. ಕರೀ ಹೊಗೆ ಕಮ್ಮಿಯಾಯ್ತು ಅಂತ ಕುಣೀತಿದ್ದೀಯಲ್ಲ, ಕಣ್ಣಿಗೆ ಕಾಣದ ವಿಷಗಾಳಿ ಎಷ್ಟು ಹೆಚ್ಚಾಯ್ತು ಅಂತ ನೋಡಿದ್ಯಾ? ಮಾಡೋದಿದ್ರೆ ನಿನ್ನ ಸ್ವಂತ ಗಾಡಿ ಮೇಲೆ ಮಾಡು, ಏರಿ ಹತ್ತಿಸು, ಇಳಿಸು, ಏನಾಗುತ್ತೆ ನೋಡು. ಆಮೇಲೆ ಇನ್ನೊಬ್ಬರ ಗಾಡಿ ಮುಟ್ಟು." ಹಾಗೆ ಹೇಳಿ ನೀನು ತಗಡನ್ನು ಗುಜರಿ ಡ್ರಮ್ಮಿಗೆ ಎಸೆದೆ. ಟಣ್ ಎಂದಿತು. ನನಗೆಲ್ಲಿತ್ತು ಸ್ವಂತ ಗಾಡಿ? ಸ್ವಂತ ಸೈಕಲ್ಲೂ ಇರಲಿಲ್ಲ. ಅವತ್ತೇ ಬಟ್ಟೆ ಗಂಟು ಕಟ್ಟಿದೆ.

ಆಮೇಲೆ ನಾವು ಮಾತಾಡಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ನೀನು, ನಡುವೆ ಭಾವ. "ಚಹಾ ಬೇಕಾ ಅಂತ ಕೇಳ್ತಿದ್ದಾಳೆ." "ಬೇಡ ಅಂತ ಹೇಳಿ." "ಬೇಡ್ವಂತೆ." ಪಾಪ, ಆ ಮನುಷ್ಯನಿಗೆ ಕತ್ತು ನೋವು ಬಂದದ್ದೇ ಆಗ ಇರಬೇಕು. ಅಮ್ಮ ಹೋದಮೇಲೆ ಬೆಂಚೂ ಇಲ್ಲವಾಯಿತು.

ಆ ಗುಜರಿ ಡ್ರಮ್ಮು ನಿನಗೆ ನೆನಪಿದೆಯೇ? ಸೊಂಟದೆತ್ತರದ್ದು. ಅದರ ತುಂಬ ಕೊಯ್ದ ತಗಡಿನ ಅಂಚುಗಳು, ಮುರಿದ ಬ್ಲೇಡುಗಳು, ಸುರುಳಿ ಸುರುಳಿ ಕಬ್ಬಿಣದ ಪುಡಿ. ಕೈ ಹಾಕಿದವರ ಕೈ ಕುಯ್ಯದೆ ಬಿಡುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ನೀನು ಅದರೊಳಗೆ ತಲೆ ಹಾಕಿ, ಅರ್ಧ ಮೈ ಬಗ್ಗಿಸಿ, ಈ ಓರೆ ತಗಡನ್ನು ಹುಡುಕಿದ್ದೀಯ. ಇದನ್ನು ಬರೆಯುವಾಗಲೂ ನಂಬಲಾಗುತ್ತಿಲ್ಲ. ನನ್ನಕ್ಕ! ಬಿದ್ದ ನಟ್ಟನ್ನು ಬಗ್ಗಿ ಎತ್ತಿಕೊಳ್ಳುವುದೂ ಅವಮಾನ ಎನ್ನುವವಳ ಹಾಗೆ ಕಾಲಿನಿಂದ ನನ್ನ ಕಡೆ ತಳ್ಳುತ್ತಿದ್ದ ನನ್ನಕ್ಕ!

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನಡುವಿನ ತೂತನ್ನು ನೋಡಿದೆ. ನಾನು ಕೊರೆದದ್ದು ಕಿರುಬೆರಳೂ ಹೋಗದ ತೂತು, ಎಡಕ್ಕೆ ಜಾರಿದ್ದು. ಇಲ್ಲಿ ಇರುವುದು ಅದಕ್ಕಿಂತ ದೊಡ್ಡದು, ಸರಿಯಾಗಿ ನಡುವೆ. ಕಿಟಕಿಯ ಹತ್ತಿರ ಹೋಗಿ ಓರೆಯಾಗಿ ಹಿಡಿದು ನೋಡಿದೆ. ಎಡದ ಅಂಚಿನಲ್ಲಿ ನನ್ನ ಡ್ರಿಲ್ಲಿನ ನುಣುಪು ಹಾಗೇ ಇದೆ. ಬಲದ ಅಂಚಿನ ತುಂಬ ದುಂಡು ಅರದ ಸಣ್ಣ ಸಣ್ಣ ಗೀರು. ಒಂದೇ ಕಡೆ ಉಜ್ಜಿದ್ದೀಯ. ಉಜ್ಜಿ ಉಜ್ಜಿ ತೂತನ್ನು ನಡುವಿಗೆ ತಂದಿದ್ದೀಯ.

ತೂತು ಚಿಕ್ಕದಾಗಿ ದೀಪ ಹತ್ತುತ್ತಿತ್ತು, ಅದಕ್ಕೆ ದೊಡ್ಡದು ಮಾಡಿದೆ ಎಂದು ನೀನು ಸಮಜಾಯಿಷಿ ಕೊಡಬಹುದು. ಒಪ್ಪಿದೆ. ಆದರೆ ದೊಡ್ಡದು ಮಾಡಲು ಡ್ರಿಲ್ಲು ಸಾಕಿತ್ತು, ಒಂದು ನಿಮಿಷದ ಕೆಲಸ. ಹೊಗೆಗೆ ತೂತು ಪಕ್ಕದಲ್ಲಿದ್ದರೇನು, ನಡುವಿದ್ದರೇನು? ಅದೇನು ಜಾತಕ ನೋಡಿ ನುಗ್ಗುತ್ತದೆಯೇ? ಇನ್ನೂ ಸುಲಭ ಬೇಕೆಂದರೆ ಹೊಸ ತಗಡು ಕತ್ತರಿಸಬಹುದಿತ್ತು, ನಿನ್ನ ಕೈಗೆ ಅದು ಮಕ್ಕಳಾಟ. ಸಿಂಕಿನ ಸ್ಟೀಲು ಅರಕ್ಕೆ ಬಗ್ಗುವ ಜಾತಿಯಲ್ಲ, ಹಟಮಾರಿ. ಎಷ್ಟು ದಿನ ಕೂತಿದ್ದೆಯೋ ಅದರ ಮುಂದೆ. ನೀನು ಕೆಲಸ ಮಾಡುವಾಗ ಬೈದುಕೊಳ್ಳುವ ಅಭ್ಯಾಸದವಳು. ಆಗ ಯಾರನ್ನು ಬೈದುಕೊಂಡೆ, ನನ್ನನ್ನೇ ತಾನೆ?

ಈಗ ಅರ್ಥವಾಗುತ್ತಿದೆ, ಗಾಡಿಯನ್ನು ಪೇಟೆಗೆ ಯಾಕೆ ತರುವುದಿಲ್ಲ ಎಂದು. ಸ್ವಂತ ಗಾಡಿ ಮೇಲೆ ಮಾಡು ಎಂದೆ. ನನಗೆ ಗಾಡಿ ಇರಲಿಲ್ಲ, ನಿನಗಿತ್ತು. ಜನರಿಲ್ಲದ ಗುಡ್ಡದಲ್ಲಿ, ಒಬ್ಬಳೇ, ಏರಿ ಹತ್ತಿಸಿ ಇಳಿಸಿ, ನನ್ನ ಪರೀಕ್ಷೆಯನ್ನು ನೀನು ಬರೆಯುತ್ತಿದ್ದೆ. ಒಳಗಿನ ಕೊಳವೆಗೆ ಬೆರಳಾಡಿಸಿದೆ. ಈ ವಯಸ್ಸಿನ ಗಾಡಿಗೆ ಡಾಂಬರಿನಂಥ ಮಸಿ ಹತ್ತಬೇಕು, ಬರೀ ಧೂಳಿನಷ್ಟು ಹತ್ತಿತು. ಮಸಿಯ ವಿಷಯದಲ್ಲಿ ನಾನು ಹೇಳಿದ್ದು ಸರಿ. ಕಾಣದ್ದರ ವಿಷಯ ನೀನೇ ಹೇಳಬೇಕು. ಇಷ್ಟು ವರ್ಷ ಒಂದು ಮಾತು ಹೇಳಿ ಕಳಿಸಬಾರದಿತ್ತೇ? ಸಿಟ್ಟು ಬರುತ್ತಿದೆ ಅಕ್ಕಾ, ನಿಜವಾಗಿಯೂ ಸಿಟ್ಟು ಬರುತ್ತಿದೆ. ಕಣ್ಣಲ್ಲಿ ನೀರೂ ಬರುತ್ತಿದೆ. ಡೀಸೆಲ್ ಕೈಯಲ್ಲಿ ಒರೆಸಿಕೊಂಡು ಇನ್ನಷ್ಟು ಉರಿ.

ಇಷ್ಟು ಬರೆದು ಕಾಗದ ಮಡಿಸಲು ಹೊರಟವನು ಮತ್ತೆ ಬಿಚ್ಚಿದ್ದೇನೆ. ಭಾವನ ಮಾತು ಈಗ ತಲೆಗೆ ಹತ್ತಿತು. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದ ಮಹಾನುಭಾವರು ಅವರು. ಬಾನೆಟ್ ಯಾವ ಕಡೆ ತೆರೆಯುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಅಂಥವರ ಬಾಯಲ್ಲಿ "ಇಜಿಆರ್ ಕೂಲರ್" ಎಲ್ಲಿಂದ ಬಂತು? ಅದೂ ತಡವರಿಸದೆ, ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ? ದಾರಿಯಲ್ಲಿ ಮೂರು ಗ್ಯಾರೇಜು ದಾಟಿ ಇಲ್ಲಿಗೇ ಯಾಕೆ ಬಂದರು? ಕೂಲರ್ ಬಿಚ್ಚಬೇಕಾದರೆ ಆ ಎರಡು ಬೋಲ್ಟು ತೆಗೆಯಲೇಬೇಕು. ತೆಗೆದರೆ ತಗಡು ಬೀಳಲೇಬೇಕು. ಇದು ನಿನಗೆ ಗೊತ್ತಿತ್ತು.

"ನಿಮ್ಮಕ್ಕನಿಗೆ ಗೊತ್ತಾಗ್ಬಾರ್ದು" ಎನ್ನುವುದನ್ನೂ ನೀನೇ ಹೇಳಿಕೊಟ್ಟೆಯಾ?

ಸಂಜೆ ಭಾವ ಬರುತ್ತಾರೆ. ಗಾಡಿ ತಯಾರಾಗಿದೆ, ಹೊಸ ಕೂಲರ್ ಕೂರಿಸಿದ್ದೇನೆ, ನೀರು ಒಂದು ಹನಿ ಇಳಿದಿಲ್ಲ. ತಗಡನ್ನು ವಾಪಸ್ ಹಾಕಿಲ್ಲ. ಬೋರ್ಡು ಬರೆಸಿದವನು ನಾನು, ಅಕ್ಕನ ಗಾಡಿಯಾದರೇನು, ತಮ್ಮನ ತಗಡಾದರೇನು, ಮುಚ್ಚಿಕೊಡುವುದಿಲ್ಲ. ಒತ್ತಾಯ ಮಾಡಬೇಡ. ತಗಡು ಒರೆಸಿ ನನ್ನ ಬೆಂಚಿನ ಮೇಲೆ ಇಟ್ಟಿದ್ದೇನೆ. ಬೇಕಿದ್ದರೆ ನೀನೇ ಬಂದು ತೆಗೆದುಕೊಂಡು ಹೋಗು. ಭಾವನ ಕೈಯಲ್ಲಿ ಕೊಡುವುದಿಲ್ಲ, ಅವರು ಅದಕ್ಕೆ ಗುಂಡಿ ಹೊಲಿದುಬಿಡುತ್ತಾರೆ. ಬರುವಾಗ ಆ ಭುಜವನ್ನೂ ಕರೆದುಕೊಂಡು ಬಾ, ಇಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ. ಅಲ್ಲಿಯವರೆಗೆ ಗುಡ್ಡದ ಜನರೇಟರುಗಳಿಗೆ ನಾನು ಹೋಗುತ್ತೇನೆ. ಪಾನಾ ಹಿಡಿಯುವ ಕೈ ನನ್ನದಿರಲಿ, ಬೈಯುವ ಬಾಯಿ ನಿನ್ನದೇ ಇರಲಿ.

ನಿನಗಿಂತ ಚಿಕ್ಕವನು, ಹರಸುವ ಹಕ್ಕಿಲ್ಲ. ಆದರೂ ನಿನ್ನ ಭುಜಕ್ಕೆ ಬಲ ಬರಲಿ, ನಿನ್ನ ಗಾಡಿಗೆ ಆಯಸ್ಸು ಇರಲಿ.

ದಾರಿ ಕಾಯುತ್ತಿರುವ,
ನಿನ್ನ ಓರೆ